ಕಾಯಿ ಬಾಯಿ ಬಿಡುವ ಮುಂಚೆ: ಮನೆಯಲ್ಲೇ ಬೀಜ ಮಾಡಿಕೊಳ್ಳುವ ಕ್ರಮ

ಹಿತ್ತಲಲ್ಲೋ ತಾರಸಿಯಲ್ಲೋ ನಾಲ್ಕು ಅವರೆ ಬಳ್ಳಿ, ಎಂಟು ಬೆಂಡೆ ಗಿಡ ಬೆಳೆಸುವವರು ಈಗ ತುಂಬ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಪ್ರತಿ ಹಂಗಾಮಿಗೂ ಹೊಸದಾಗಿ ಬೀಜದ ಪೊಟ್ಟಣ ಕೊಳ್ಳುತ್ತಾರೆ. ಕೊಳ್ಳುವುದು ತಪ್ಪಲ್ಲ. ಆದರೆ ಚೆನ್ನಾಗಿ ಫಲ ಕೊಟ್ಟ ಗಿಡ ಕಣ್ಣೆದುರಿಗೇ ಇದ್ದು, ಮುಂದಿನ ವರ್ಷದ ಬೀಜ ಅದರ ಮೈಮೇಲೇ ತೂಗಾಡುತ್ತಿರುವಾಗ ಅದನ್ನು ಬಿಟ್ಟು ಅಂಗಡಿಗೆ ಹೋಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

"ಬೀಜಕ್ಕೆ ಅಂತ ಬಿಟ್ಟಿದ್ದೆ, ಹುಳ ಬಿತ್ತು." "ಎತ್ತಿಟ್ಟಿದ್ದೆ, ಒಂದೂ ಮೊಳೆಯಲಿಲ್ಲ." ಇಂಥ ಮಾತು ಕೇಳುತ್ತಲೇ ಇರುತ್ತೇವೆ ಅಲ್ವಾ? ಬಹಳ ಸಲ ಇದಕ್ಕೆ ಕಾರಣ ಒಂದೇ. ಕಾಯಿ ಏನು ಮಾಡುತ್ತಿದೆ ಅಂತ ನಾವು ಗಮನಿಸಿರುವುದಿಲ್ಲ. ಕಾಯಿಗೆ ಇರುವುದು ಎರಡು ಕೆಲಸ. ಮೊದಲು ಬೀಜವನ್ನು ಸಾಕಿ ಬೆಳೆಸಬೇಕು. ಆಮೇಲೆ ಅದನ್ನು ತಾಯಿಗಿಡ ಬಿಟ್ಟು ಹೊರಗೆ ಕಳಿಸಬೇಕು. ಮೊದಲ ಕೆಲಸ ಮುಗಿದು ಎರಡನೆಯದು ಶುರುವಾಗುವುದಕ್ಕೆ ನಡುವೆ ಕೆಲವು ದಿನ ಸಿಗುತ್ತವೆ. ಬೀಜ ತೆಗೆಯುವವರ ಸಮಯ ಅದೇ. ಮುಂಚೆ ಕೊಯ್ದರೆ ಬೀಜ ಎಳಸು. ತಡ ಮಾಡಿದರೆ ನೆಲದ ಪಾಲು, ಇಲ್ಲವೇ ಹುಳದ ಪಾಲು. ಆ ದಿನಗಳನ್ನು ಗುರುತಿಸುವುದು ಹೇಗೆ, ಅದಕ್ಕೆ ಮುಂಚೆ ಮತ್ತು ಆಮೇಲೆ ಏನೇನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ಕಾಯಿ ಬಿಡಿಸಿ ನೋಡಿ

ಬಲಿತ ಹಸಿ ಅವರೆಕಾಯಿ ಒಂದನ್ನು ಕೈಗೆ ತಗೊಳ್ಳಿ. ಬೆರಳಿಗೆ ಎಣ್ಣೆಯಂಥ ಜಿಡ್ಡು ಅಂಟುತ್ತದೆ, ಸೊಗಡು ಮೂಗಿಗೆ ಬಡಿಯುತ್ತದೆ. ಈಗ ಅಂಚುಗಳನ್ನು ನೋಡಿ. ಎರಡು ಕಡೆಯೂ ಒಂದೊಂದು ಗೆರೆ ಇದೆ. ಕಾಯಿಯನ್ನು ಮೆಲ್ಲಗೆ ಬಿಡಿಸಿದರೆ ಕಾಳುಗಳೆಲ್ಲ ಒಂದೇ ಅಂಚಿಗೆ ಅಂಟಿಕೊಂಡಿರುವುದು ಕಾಣುತ್ತದೆ. ಒಂದು ಕಾಳು ಎಡ ಸಿಪ್ಪೆಗೆ, ಮುಂದಿನದು ಬಲ ಸಿಪ್ಪೆಗೆ, ಹೀಗೆ ಸರದಿಯಲ್ಲಿ ಇರುತ್ತವೆ.

ಹೂವಿನ ನಡುವೆ ಇದ್ದ ಪುಟ್ಟ ಅಂಡಾಶಯವೇ ಬೆಳೆದು ಈ ಕಾಯಿ ಆಗಿದೆ. ಒಂದು ಎಲೆ ಮಧ್ಯಕ್ಕೆ ಮಡಚಿಕೊಂಡು, ಅದರ ಎರಡು ಅಂಚು ಕೂಡಿಕೊಂಡ ರಚನೆ ಅದು. ಅಂಚು ಕೂಡಿದ ಕಡೆ ಬೀಜ ಕೂರುತ್ತವೆ. ಎದುರಿನ ಗೆರೆ ಆ ಎಲೆಯ ನಡುನರ. ಪಲ್ಯಕ್ಕೆ ಕಾಯಿ ಸೋಸುವಾಗ ನಾವು ಎಳೆದು ತೆಗೆಯುವ ನಾರು ಈ ಎರಡು ಗೆರೆಗಳ ಉದ್ದಕ್ಕೂ ಇರುವುದೇ.

ಕಾಳನ್ನು ಸಿಪ್ಪೆಗೆ ಹಿಡಿದಿರುವ ಸಣ್ಣ ತೊಟ್ಟು ಕಂಡಿತಾ? ಮಗುವಿಗೆ ಹೊಕ್ಕುಳಬಳ್ಳಿ ಇದ್ದ ಹಾಗೆ ಕಾಳಿಗೆ ಈ ತೊಟ್ಟು. ಗಿಡದ ಸಕ್ಕರೆ, ಸಾರಜನಕ, ನೀರು ಎಲ್ಲ ಅದರ ಮೂಲಕವೇ ಬರಬೇಕು. ಕಾಳು ಬಲಿತ ಮೇಲೆ ತೊಟ್ಟು ಒಣಗಿ ಕಳಚಿಕೊಳ್ಳುತ್ತದೆ, ಗುರುತು ಮಾತ್ರ ಉಳಿಯುತ್ತದೆ. ಅವರೆಕಾಳಿನ ಅಂಚಿನಲ್ಲಿ ಎದ್ದು ಕಾಣುವ ಬಿಳಿ ಪಟ್ಟಿ ಇರುವುದು ಆ ಜಾಗದಲ್ಲೇ. ಅಲಸಂದೆಯಲ್ಲಿ ಕಪ್ಪು ಕಣ್ಣು ಇರುವುದೂ ಅದೇ ಗುರುತಿನ ಸುತ್ತ.

ಕೆಲವು ಕಾಯಿಯಲ್ಲಿ ನಾಲ್ಕು ಕಾಳಿನ ಜಾಗ ಇದ್ದು ಎರಡೇ ಕಾಳು ತುಂಬಿರುತ್ತವೆ. ಉಳಿದ ಕಡೆ ಸಾಸಿವೆಯಷ್ಟು ಸುಕ್ಕಿದ ಚುಕ್ಕೆ ಮಾತ್ರ. ಪ್ರತಿ ಕಾಳಿಗೂ ಬೇರೆ ಬೇರೆ ಪರಾಗದ ಕಣ ಬೇಕು. ಅದು ತಲುಪದಿದ್ದರೆ ಆ ಜಾಗ ಖಾಲಿ. ತಲುಪಿದರೂ ನೀರು, ಆಹಾರ ಸಾಲದಿದ್ದರೆ ಗಿಡ ಕೆಲವನ್ನು ಅರ್ಧಕ್ಕೇ ಕೈಬಿಡುತ್ತದೆ. ಅದಕ್ಕೇ ಹೂ ಬಿಡುವಾಗ ಮತ್ತು ಕಾಳು ಕಟ್ಟುವಾಗ ನೀರು ತಪ್ಪಿಸಬಾರದು ಅನ್ನುವುದು.

ಇನ್ನೊಂದು ವಿಷಯ ಹೆಚ್ಚು ಜನರ ಗಮನಕ್ಕೆ ಬಂದಿರುವುದಿಲ್ಲ. ಕಾಯಿಯ ಸಿಪ್ಪೆ ಸುಮ್ನೆ ಹೊದಿಕೆ ಅಲ್ಲ. ಹಸಿರಾಗಿರುವಷ್ಟು ದಿನ ಅದೂ ಎಲೆಯ ಹಾಗೆ ಬಿಸಿಲಲ್ಲಿ ಆಹಾರ ತಯಾರಿಸುತ್ತದೆ. ಒಳಗಿನ ಕಾಳುಗಳು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹಿಡಿದು ಬಳಸಿಕೊಳ್ಳುತ್ತದೆ. ಕೊನೆಗೆ ತನ್ನಲ್ಲಿರುವ ಸತ್ವವನ್ನೂ ಕಾಳಿಗೆ ಸಾಗಿಸಿ ತಾನು ಹಳದಿಯಾಗಿ ಒಣಗುತ್ತದೆ. ಸಿಪ್ಪೆಯ ಬಣ್ಣ ನೋಡಿ ಒಳಗೆ ಏನಾಗುತ್ತಿದೆ ಅಂತ ಹೇಳಬಹುದು ಅನ್ನುವುದು ಇದರಿಂದಲೇ. ಸಿಪ್ಪೆ ಹಸಿರಾಗಿದ್ದರೆ ಕಾಳಿಗೆ ಇನ್ನೂ ಊಟ ಹೋಗುತ್ತಿದೆ ಎಂದು ಅರ್ಥ.

ಯಾವ ಗಿಡದಿಂದ ಬೀಜ ತೆಗೆಯಬಹುದು

ಪೊಟ್ಟಣದ ಮೇಲೆ ಹೈಬ್ರಿಡ್ ಅಥವಾ ಎಫ್1 ಅಂತ ಇದ್ದರೆ ಆ ಗಿಡದ ಬೀಜಕ್ಕೆ ಕಷ್ಟಪಡಬೇಡಿ. ಮೊಳಕೆ ಬರುತ್ತದೆ, ಗಿಡವೂ ಆಗುತ್ತದೆ. ಆದರೆ ಒಂದೊಂದು ಗಿಡ ಒಂದೊಂದು ತರಹ ಬರುತ್ತದೆ. ನಾಟಿ ತಳಿ, ಅಥವಾ ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ ಸುಧಾರಿತ ತಳಿ ಆದರೆ ಧೈರ್ಯವಾಗಿ ತೆಗೆಯಿರಿ. ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳುವುದಕ್ಕೆ, ಬಿತ್ತುವುದಕ್ಕೆ, ಹಂಚುವುದಕ್ಕೆ, ಮಾರುವುದಕ್ಕೂ ಹಕ್ಕು ಕೊಟ್ಟಿದೆ. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವ ಹಾಗಿಲ್ಲ, ಅಷ್ಟೇ.

ಆಮೇಲೆ ನೋಡಬೇಕಾದ್ದು ಪರಾಗಸ್ಪರ್ಶ. ಅಲಸಂದೆ, ಹೆಸರು, ಉದ್ದು, ಹುರುಳಿಕಾಯಿ, ಅವರೆ ಇವೆಲ್ಲ ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಹೊಸಬರು ಇವುಗಳಿಂದಲೇ ಶುರು ಮಾಡುವುದು ಒಳ್ಳೆಯದು. ತೊಗರಿಯಲ್ಲಿ ಜೇನುಹುಳ ಬೇರೆ ಗಿಡದ ಪರಾಗ ತಂದು ಬೆರೆಸುವುದು ಜಾಸ್ತಿ. ಬೆಂಡೆಯಲ್ಲೂ ತಕ್ಕಮಟ್ಟಿಗೆ ಬೆರಕೆ ಆಗುತ್ತದೆ. ಪ್ರಮಾಣಿತ ಬೀಜ ಬೆಳೆಯುವವರಿಗೆ ಇರುವ ನಿಯಮ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲಸಂದೆಯ ಎರಡು ತಳಿಗಳ ನಡುವೆ 5 ಮೀಟರ್ ಅಂತರ ಇದ್ದರೆ ಸಾಕು. ಬೆಂಡೆಗೆ 200 ಮೀಟರ್ ಬೇಕು. ಮೂಲಂಗಿಯ ಕಥೆಯೇ ಬೇರೆ. ಸಾಮಾನ್ಯವಾಗಿ ಅದಕ್ಕೆ ತನ್ನ ಪರಾಗ ತನಗೇ ಆಗಿಬರುವುದಿಲ್ಲ. ಒಂದೇ ಗಿಡ ಬಿಟ್ಟರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ, ಕಡಿಮೆ ಅಂದರೂ ಹತ್ತು ಗಿಡ ಒಟ್ಟಿಗೆ ಹೂ ಬಿಡಬೇಕು.

ಪಕ್ಕದ ಮನೆಯಲ್ಲಿ ಬೇರೆ ತಳಿಯ ಬೆಂಡೆ ಇದ್ದರೆ ಉಪಾಯ ಇದೆ. ಬೆಂಡೆ ಹೂ ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ. ನಾಳೆ ಅರಳುವ ಮೊಗ್ಗು ಹಿಂದಿನ ಸಂಜೆಯೇ ಉದ್ದವಾಗಿ, ತುದಿಯಲ್ಲಿ ಹಳದಿ ಇಣುಕಿ ಗೊತ್ತಾಗುತ್ತದೆ. ಆ ಮೊಗ್ಗಿಗೆ ಸೊಳ್ಳೆಪರದೆ ಬಟ್ಟೆಯ ಸಣ್ಣ ಚೀಲ ಕಟ್ಟಿ. ಹೂ ಬಾಡಿದ ಮೇಲೆ ಚೀಲ ತೆಗೆದು, ಆ ಕಾಯಿಯ ತೊಟ್ಟಿಗೆ ಬಣ್ಣದ ದಾರ ಕಟ್ಟಿದರೆ ಆಯಿತು.

ಬೀಜದ ಗಿಡಕ್ಕೆ ಈಗಲೇ ದಾರ ಕಟ್ಟಿ

ಚೆಂದದ ಕಾಯಿಯನ್ನೆಲ್ಲ ಕೊಯ್ದು ತಿಂದು, ಕೊನೆಗೆ ಬಳ್ಳಿಯಲ್ಲಿ ಉಳಿದ ಸೊಟ್ಟ ಕಾಯಿಗಳನ್ನು ಬೀಜಕ್ಕೆ ಅಂತ ಬಿಡುವುದು ಎಲ್ಲ ಕಡೆ ನಡೆಯುತ್ತದೆ. ಇದು ನಿಲ್ಲಬೇಕು. ಹಂಗಾಮಿನ ಕೊನೆಯಲ್ಲಿ ಗಿಡಕ್ಕೆ ಶಕ್ತಿ ಇರುವುದಿಲ್ಲ, ಕಾಳು ಸಣ್ಣ, ಹುಳದ ಕಾಟ ಜಾಸ್ತಿ. ಬೀಜಕ್ಕೆ ಮೊದಲನೆಯ ಎರಡನೆಯ ಸುತ್ತಿನ ಕಾಯಿ ಬೇಕು. ತಿನ್ನುವುದಕ್ಕೆ ಉಳಿದ ಗಿಡಗಳಿಂದ ಧಾರಾಳವಾಗಿ ಸಿಗುತ್ತದೆ.

ಇದಕ್ಕೆ ಸುಲಭದ ದಾರಿ ಅಂದರೆ ಬೀಜದ ಗಿಡವನ್ನೇ ಬೇರೆ ಮಾಡುವುದು. ಎಂಟು ಗಿಡದಲ್ಲಿ ಎರಡಕ್ಕೆ ಕೆಂಪು ದಾರ ಕಟ್ಟಿ, ಅವುಗಳಿಂದ ಒಂದು ಕಾಯಿಯನ್ನೂ ಅಡುಗೆಗೆ ಕೊಯ್ಯಬೇಡಿ. ಒಂದೇ ಗಿಡದಲ್ಲಿ ಅರ್ಧ ತಿಂದು ಅರ್ಧ ಬಿಡಲು ಹೋದರೆ ಎರಡೂ ಕೆಡುತ್ತದೆ. ಬೆಂಡೆ, ಹುರುಳಿಕಾಯಿಯಂಥ ಗಿಡದಲ್ಲಿ ಕಾಯಿ ಬಲಿಯುತ್ತಾ ಹೋದಂತೆ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬೀಜ ಆಗುತ್ತಿದೆ ಅಂದಮೇಲೆ ಗಿಡಕ್ಕೆ ಮತ್ತೆ ಹೂ ಬಿಡುವ ಅವಸರ ಇಲ್ಲ. ಎಳೆಯದಿರುವಾಗಲೇ ಕೊಯ್ಯುತ್ತಿದ್ದರೆ ಮಾತ್ರ ಹೂವಿನ ಮೇಲೆ ಹೂ ಬಿಡುತ್ತಾ ಹೋಗುತ್ತದೆ.

ಗಿಡ ಆರಿಸುವಾಗ ಕಾಯಿಯನ್ನಷ್ಟೇ ನೋಡಬೇಡಿ. ಎಲೆ ನೋಡಿ. ಅಲಸಂದೆ ಎಲೆಯಲ್ಲಿ ಹಸಿರು ಹಳದಿ ತೇಪೆ ತೇಪೆಯಾಗಿದ್ದರೆ ಅದು ನಂಜಾಣು ರೋಗ ಇರಬಹುದು. ಅಲಸಂದೆಯ ಕೆಲವು ನಂಜಾಣುಗಳು ಬೀಜದ ಮೂಲಕ ಮುಂದಿನ ಬೆಳೆಗೂ ಹೋಗುತ್ತವೆ. ಅಂಥ ಗಿಡ ಎಷ್ಟೇ ಕಾಯಿ ಬಿಟ್ಟಿದ್ದರೂ ಬೀಜಕ್ಕೆ ಬೇಡ. ಬೆಂಡೆಯ ಹಳದಿ ನಂಜು ಬಿಳಿನೊಣದಿಂದ ಹರಡುವಂಥದ್ದು. ಸುತ್ತಲಿನ ಗಿಡಕ್ಕೆಲ್ಲ ಹಿಡಿದು ಒಂದೆರಡು ಮಾತ್ರ ಚೆನ್ನಾಗಿ ಉಳಿದಿದ್ದರೆ ಬೀಜಕ್ಕೆ ಅವನ್ನೇ ಆರಿಸಿ.

ಅವರೆ ಬೆಳೆಯುವವರು ಬಿತ್ತನೆ ಸಮಯವನ್ನೂ ಲೆಕ್ಕ ಹಾಕಬೇಕು. ನಮ್ಮ ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುವ ಜಾತಿ. ಮಳೆಗಾಲದಲ್ಲಿ ರಾಗಿ ಹೊಲದ ಸಾಲಿಗೆ ಬಿದ್ದದ್ದು ಮಾಗಿಯ ಚಳಿಗೆ ಕಾಯಿ ತುಂಬುತ್ತದೆ. ಅದು ಒಣಗುವ ಹೊತ್ತಿಗೆ ಮಳೆ ಇರುವುದಿಲ್ಲ, ಗಾಳಿ ಒಣಗಿರುತ್ತದೆ. ಬೀಜಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳು ಹಗಲಿನ ಉದ್ದ ನೋಡದೆ ಎಲ್ಲ ಕಾಲದಲ್ಲೂ ಹೂ ಬಿಡುತ್ತವೆ. ತಿನ್ನುವುದಕ್ಕೆ ಯಾವಾಗ ಬೇಕಾದರೂ ಬಿತ್ತಿ. ಬೀಜಕ್ಕೆ ಆದರೆ ಕಾಯಿ ಒಣಗುವುದು ಮಳೆಯಿಲ್ಲದ ತಿಂಗಳಿಗೆ ಬರುವಂತೆ ನೋಡಿಕೊಳ್ಳಿ.

ಯಾವ ಕಾಯಿ ಹೇಗೆ ಒಡೆಯುತ್ತದೆ

ಕೊಯ್ಯುವ ದಿನ ಇದರ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಅವರೆ, ಹೆಸರು, ತೊಗರಿ, ಅಲಸಂದೆ ಜಾತಿಯ ಸಿಪ್ಪೆಯೊಳಗೆ ಗಟ್ಟಿಯಾದ ನಾರಿನ ಪದರ ಇರುತ್ತದೆ. ಆ ನಾರುಗಳು ಕಾಯಿಯ ಉದ್ದಕ್ಕೆ ನೇರವಾಗಿರದೆ ಓರೆಯಾಗಿ ಕೂತಿರುತ್ತವೆ. ಕಾಯಿ ಒಣಗಿದಾಗ ಒಳಪದರ ಹೊರಪದರಗಳು ಬೇರೆ ಬೇರೆ ದಿಕ್ಕಿಗೆ ಕುಗ್ಗುತ್ತವೆ, ಎಳೆದಾಟ ಶುರುವಾಗುತ್ತದೆ. ಒಂದು ಹಂತದಲ್ಲಿ ಗೆರೆಯ ಬೆಸುಗೆ ಬಿಟ್ಟು, ಎರಡು ಸಿಪ್ಪೆಯೂ ಸುರುಳಿ ಸುತ್ತಿಕೊಂಡು ಕಾಳು ಸಿಡಿಯುತ್ತದೆ. ಹೆಸರುಕಾಯಿ ಒಡೆದ ಮೇಲೆ ಸಿಪ್ಪೆ ತಿರುಚಿಕೊಂಡು ಗಿಡದಲ್ಲೇ ನಿಂತಿರುವುದನ್ನು ನೋಡಿರುತ್ತೀರಿ. ಮಂದಾರದ ಮರದ ಕೆಳಗೆ ಬೇಸಿಗೆಯ ಮಧ್ಯಾಹ್ನ ನಿಂತರೆ ಈ ಸಿಡಿತದ ಸದ್ದೇ ಕೇಳಿಸುತ್ತದೆ.

ಇದೆಲ್ಲ ಒಣಗುವುದರಿಂದ ಆಗುವುದು ಅಂದಮೇಲೆ ಕೊಯ್ಲಿನ ಹೊತ್ತು ತಾನಾಗೇ ತಿಳಿಯುತ್ತದೆ. ಬೆಳಗ್ಗೆ ಇಬ್ಬನಿಗೆ ಸಿಪ್ಪೆ ಮೆತ್ತಗಾಗಿರುವಾಗ ಕೊಯ್ದರೆ ಕಾಯಿ ಒಡೆಯುವುದಿಲ್ಲ. ಬಿಸಿಲೇರಿದ ಮೇಲೆ ಕೈ ಹಾಕಿದರೆ ಮುಟ್ಟಿದ ಕಾಯಿಯೆಲ್ಲ ಚಟ್ ಅಂತ ಒಡೆದು ಕಾಳು ನೆಲಕ್ಕೆ ಬೀಳುತ್ತದೆ. ಹೆಸರು ಬೆಳೆಯುವವರು ಬೆಳಗಿನ ಜಾವವೇ ಹೊಲಕ್ಕಿಳಿಯುವುದು ಇದಕ್ಕೇ.

ಈ ಜಾತಿಯಲ್ಲಿ ಸಿಪ್ಪೆ ಹಳದಿ ದಾಟಿ ಕಂದು ಬಣ್ಣಕ್ಕೆ ಬಂದಾಗ, ಹೆಸರಾದರೆ ಕಪ್ಪಾದಾಗ ಕೊಯ್ಯಿರಿ. ಅಲ್ಲಾಡಿಸಿದರೆ ಕಾಳು ಗಲಗಲ ಅನ್ನಬೇಕು. ಅಂದರೆ ತೊಟ್ಟು ಕಳಚಿದೆ, ಗಿಡದಿಂದ ಇನ್ನೇನೂ ಬರುವುದಿಲ್ಲ. ಎಲ್ಲ ಕಾಯಿಯೂ ಒಟ್ಟಿಗೆ ಒಣಗಲಿ ಅಂತ ಕಾಯಬೇಡಿ. ಎರಡು ಮೂರು ದಿನಕ್ಕೊಮ್ಮೆ ನೋಡಿ, ಒಣಗಿದ್ದನ್ನು ಮಾತ್ರ ಕೊಯ್ಯುತ್ತಾ ಹೋಗಿ.

ಬೆಂಡೆಯದು ಬೇರೆ ತರಹ. ಅಡ್ಡ ಕೊಯ್ದರೆ ಸಾಮಾನ್ಯವಾಗಿ ಐದು ಕೋಣೆ ಕಾಣುತ್ತವೆ. ಹೊರಗಿನ ಏಣುಗಳ ಉದ್ದಕ್ಕೂ ಅದು ಸೀಳುತ್ತದೆ. ಪಲ್ಯಕ್ಕೆ ಹೂವಾದ ವಾರದೊಳಗೆ ಕೊಯ್ಯುತ್ತೇವೆ. ಬೀಜ ಬಲಿಯಲು ತಿಂಗಳ ಮೇಲೆ, ಸುಮಾರು 35 ದಿನ ಬೇಕು. ಅಷ್ಟರಲ್ಲಿ ಕಾಯಿ ಕಟ್ಟಿಗೆಯಂತಾಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಏಣಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ದಿನವೇ ಕೊಯ್ದುಬಿಡಿ. ಬಿರುಕು ಅಗಲವಾದರೆ ಇಬ್ಬನಿ, ಮಳೆನೀರು ಒಳಗಿಳಿದು ಬೀಜಕ್ಕೆ ಬೂಷ್ಟು ಹಿಡಿಯುತ್ತದೆ.

ನುಗ್ಗೆ ಮೂರು ಸಿಪ್ಪೆಯ ಕಾಯಿ. ಒಣಗಿದಾಗ ಮೂರೂ ಸೀಳಿಕೊಂಡು, ಕಾಗದದಂಥ ಮೂರು ರೆಕ್ಕೆ ಇರುವ ಬೀಜ ಗಾಳಿಗೆ ಹಾರುತ್ತದೆ. ಸಾಸಿವೆಯಲ್ಲಿ ಎರಡು ಸಿಪ್ಪೆ ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಂಡು, ನಡುವಿನ ತೆಳ್ಳನೆ ಪೊರೆ ಗಿಡದಲ್ಲೇ ಉಳಿಯುತ್ತದೆ. ಎಳ್ಳಿನ ಕಾಯಿ ತುದಿಯಲ್ಲಿ ಬಾಯಿ ಬಿಡುತ್ತದೆ. ಆದ್ದರಿಂದಲೇ ರೈತರು ಎಳ್ಳು ಕೊಯ್ದ ಮೇಲೆ ಕಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ ಒಣಗಿಸುತ್ತಾರೆ, ಆಮೇಲೆ ತಲೆಕೆಳಗು ಮಾಡಿ ಬಟ್ಟೆಯ ಮೇಲೆ ತಟ್ಟುತ್ತಾರೆ. ಈ ಮೂರನ್ನೂ ಬುಡದ ಕಾಯಿ ಬಾಯಿ ಬಿಡುವ ಸೂಚನೆ ಕಂಡ ಕೂಡಲೇ ಕೊಯ್ಯಬೇಕು. ಮೂಲಂಗಿ ಕಾಯಿ ಮಾತ್ರ ಒಡೆಯುವುದೇ ಇಲ್ಲ. ಗಿಡದಲ್ಲೇ ಪೂರ್ತಿ ಒಣಗಿಸಿ, ಕುಟ್ಟಿ ಬೀಜ ಬಿಡಿಸಬೇಕು.

ಕರ್ಣಕುಂಡಲದ ಕಾಯಿ ಒಣಗುವ ತನಕ ಕಾಯುವುದಿಲ್ಲ. ಹಸಿ ಸಿಪ್ಪೆಯೊಳಗಿನ ನೀರಿನ ಒತ್ತಡಕ್ಕೇ ಅದು ಸಿಡಿಯುತ್ತದೆ. ಹೊಟ್ಟೆ ಉಬ್ಬಿ ಬಣ್ಣ ತಿಳಿಯಾದ ಕಾಯಿಗೆ ಕಾಗದದ ಪೊಟ್ಟಣ ಕಟ್ಟಿ, ಅದರೊಳಗೇ ಸಿಡಿಯಲಿ ಅಂತ ಬಿಡಿ.

ಕಡಲೆಕಾಯಿ ಬೀಜವನ್ನು ಮಣ್ಣೊಳಗೇ ಇಳಿಸುತ್ತದೆ. ಹೂವಾದ ಮೇಲೆ ಅದರ ಬುಡದಿಂದ ಒಂದು ಕಡ್ಡಿ ನೆಲಕ್ಕಿಳಿದು, ತುದಿ ಮಣ್ಣಿನಲ್ಲಿ ಊದಿ ಕಾಯಿಯಾಗುತ್ತದೆ. ಆ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು, ಬೇರಿನಿಂದ ಬಂದದ್ದು ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಹೂವಾಡುವ ಹೊತ್ತಿಗೆ ಬುಡಕ್ಕೆ ಜಿಪ್ಸಂ ಹಾಕುವುದು ಇದಕ್ಕೇ. ಹಾಕದಿದ್ದರೆ ಸಿಪ್ಪೆ ಚೆನ್ನಾಗಿದ್ದೂ ಒಳಗೆ ಜೊಳ್ಳು. ಗೊಂಚಲು ತಳಿಯ ಕಡಲೆಕಾಯಿಗೆ ಸುಪ್ತಾವಸ್ಥೆ, ಅಂದರೆ ಮೊಳೆಯದೆ ಸುಮ್ಮನಿರುವ ಕಾಲ, ಇಲ್ಲವೆನ್ನುವಷ್ಟು ಕಡಿಮೆ. ಬಲಿತ ಮೇಲೆ ಮಳೆ ಬಂದರೆ ನೆಲದಲ್ಲೇ ಮೊಳೆತುಬಿಡುತ್ತದೆ. ಅದನ್ನು ಕೀಳಲು ತಡ ಮಾಡಬಾರದು.

ಕಾಡಿನಲ್ಲಿ ಬೆಳೆಯುವ ಬಳ್ಳಿಗೆ ಕಾಯಿ ಒಡೆಯುವುದೇ ಬದುಕು. ಒಡೆಯದಿದ್ದರೆ ಮರಿಗಳಿಗೆ ಜಾಗ ಸಿಗುವುದಿಲ್ಲ. ಆದರೆ ಸಾವಿರಾರು ವರ್ಷ ರೈತರು ಒಡೆಯದೆ ಗಿಡದಲ್ಲೇ ಉಳಿದ ಕಾಯಿಯನ್ನೇ ಮನೆಗೆ ತಂದರು, ಅದನ್ನೇ ಮತ್ತೆ ಬಿತ್ತಿದರು. ಹಾಗೆ ಆಗಿ ಆಗಿ ಬಟಾಣಿ, ಕಡಲೆ, ಅವರೆಯ ಕಾಯಿಗಳು ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತವು. ನಮ್ಮ ತಟ್ಟೆಯ ಬೇಳೆಯ ಹಿಂದೆ ಹೆಸರಿಲ್ಲದ ಅಷ್ಟೊಂದು ಜನರ ಆಯ್ಕೆ ಇದೆ ಅನ್ನುವುದು ನನಗೆ ಯಾವಾಗಲೂ ಬೆರಗು.

ಮಳೆ ಹಿಡಿದರೆ

ಕಾಯಿ ಹಳದಿಗೆ ತಿರುಗಿದೆ, ಆದರೆ ಮೋಡ ಕಟ್ಟಿದೆ. ಆಗ ಗಿಡವನ್ನೇ ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಗಾಳಿಯಾಡುವ ಸೂರಿನ ಕೆಳಗೆ ತಲೆಕೆಳಗಾಗಿ ನೇತುಹಾಕಿ. ಕಾಂಡದಲ್ಲಿ ಉಳಿದ ಸತ್ವ ಇನ್ನೂ ಕೆಲವು ದಿನ ಕಾಯಿಗೆ ಹೋಗುತ್ತದೆ. ಕೆಳಗೆ ಹಳೆ ಪಂಚೆ ಹಾಸಿದರೆ ಉದುರಿದ್ದು ಪೋಲಾಗುವುದಿಲ್ಲ. ಪೂರ್ತಿ ಹಸಿರು ಕಾಯಿಗೆ ಈ ಉಪಾಯ ನಡೆಯುವುದಿಲ್ಲ, ಕಾಳು ಸುಕ್ಕುಗಟ್ಟುತ್ತದೆ.

ಒಣಗಿಸಿ, ಬಡಿದು, ಕೇರುವುದು

ಕೊಯ್ದ ಕಾಯಿಯನ್ನು ಸಿಪ್ಪೆ ಸಮೇತ ಎರಡು ಮೂರು ದಿನ ನೆರಳಲ್ಲಿ ಹರಡಿ, ಆಮೇಲೆ ಬೆಳಗಿನ ಮತ್ತು ಸಂಜೆಯ ಎಳೆ ಬಿಸಿಲಿಗೆ ಹಾಕಿ. ಗೋಣಿಚೀಲ, ಚಾಪೆ, ಮೊರ ಯಾವುದಾದರೂ ಸರಿ. ಕಾದ ಸಿಮೆಂಟ್ ತಾರಸಿಯ ಮೇಲೆ ಅಥವಾ ಕಪ್ಪು ಟಾರ್ಪಾಲಿನ ಮೇಲೆ ನೇರವಾಗಿ ಹಾಕಬೇಡಿ. ಹಸಿ ಇರುವ ಬೀಜಕ್ಕೆ 40 ಡಿಗ್ರಿಗಿಂತ ಜಾಸ್ತಿ ಶಾಖ ತಗುಲಿದರೆ ಒಳಗಿನ ಮೊಳಕೆ ಸಾಯಬಹುದು. ಹೊರಗಿನಿಂದ ನೋಡಿದರೆ ಅದು ಗೊತ್ತೇ ಆಗುವುದಿಲ್ಲ.

ಕಾಯಿ ಮುರಿದರೆ ಟಕ್ ಅನ್ನುವಂತಾದಾಗ ಗೋಣಿಚೀಲಕ್ಕೆ ತುಂಬಿ ಕೋಲಿನಿಂದ ಮೆಲ್ಲಗೆ ಬಡಿಯಿರಿ. ಜೋರಾಗಿ ಬಡಿದರೆ ಕಾಳು ಬೇಳೆಯಾಗುತ್ತದೆ, ಅದು ಸಾರಿಗಷ್ಟೇ ಲಾಯಕ್ಕು. ಸ್ವಲ್ಪವೇ ಇದ್ದರೆ ಕೈಯಲ್ಲೇ ಸುಲಿಯಿರಿ. ಮೊರದಲ್ಲಿ ಕೇರಿ ಹೊಟ್ಟು, ಜೊಳ್ಳು ಹಾರಿಸಿ. ಆಮೇಲೆ ಕೂತು ಒಂದೊಂದಾಗಿ ಆರಿಸಿ. ಸುಕ್ಕಿದ್ದು, ತೂತಾದದ್ದು, ಬಣ್ಣ ಬೇರೆಯಾದದ್ದು ಎಲ್ಲ ಆಚೆ. ಕಡಲೆಕಾಯಿಯನ್ನು ಮಾತ್ರ ಸುಲಿಯಬೇಡಿ. ಸಿಪ್ಪೆಯಲ್ಲೇ ಇಟ್ಟು ಬಿತ್ತುವ ಹೊತ್ತಿಗೆ ಬಿಡಿಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ.

ಸುಲಿದ ಕಾಳನ್ನು ಮತ್ತೆ ಕೆಲವು ದಿನ ಆರಲು ಬಿಡಿ. ಸಾಕಷ್ಟು ಒಣಗಿದೆಯಾ ಅಂತ ತಿಳಿಯಲು ಹಲ್ಲಿನಲ್ಲಿ ಕಚ್ಚಿ ನೋಡಿ. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಒಂದು ಕಾಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಪುಡಿಪುಡಿಯಾಗಿ ಚೆದುರಬೇಕು, ಅಪ್ಪಚ್ಚಿಯಾಗಬಾರದು. ದ್ವಿದಳ ಧಾನ್ಯದ ಪ್ರಮಾಣಿತ ಬೀಜದಲ್ಲಿ ತೇವಾಂಶ 9 ಶೇಕಡಾಕ್ಕಿಂತ ಹೆಚ್ಚಿರಬಾರದು, ಗಾಳಿಯಾಡದ ಡಬ್ಬಿಯಾದರೆ 8 ಶೇಕಡಾ ಅನ್ನುತ್ತದೆ ನಿಯಮ. ಮನೆಯಲ್ಲಿ ಅಳೆಯುವ ಯಂತ್ರ ಇಲ್ಲದವರಿಗೆ ಹಲ್ಲು, ಸುತ್ತಿಗೆಯೇ ಸಾಕು.

ಹುಳ ಎಲ್ಲಿಂದ ಬರುತ್ತದೆ

"ಡಬ್ಬಿ ಭದ್ರವಾಗಿ ಮುಚ್ಚಿದ್ದೆ, ಆದರೂ ಹುಳ ಬಂತು" ಅನ್ನುವವರು ತಿಳಿಯಬೇಕಾದ್ದು ಒಂದಿದೆ. ಕಾಳು ಕೊರೆಯುವ ಆ ಸಣ್ಣ ದುಂಬಿ ಹೊಲದಲ್ಲೇ, ಕಾಯಿ ಒಣಗುವಾಗಲೇ ಬಂದು ಮೊಟ್ಟೆ ಇಟ್ಟಿರುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿದಂತೆ ಕಂಡರೆ ಅದೇ ಮೊಟ್ಟೆ. ಮರಿ ನೇರವಾಗಿ ಕಾಳಿನೊಳಕ್ಕೆ ಕೊರೆದು ಹೋಗಿ, ತಿಂದು ಬೆಳೆದು, ದುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಅಂದರೆ ಡಬ್ಬಿಗೆ ಹುಳವನ್ನು ಕಾಳಿನ ಜೊತೆ ನಾವೇ ಹಾಕಿರುತ್ತೇವೆ. ಒಣಗಿದ ಕಾಯಿಯನ್ನು ಗಿಡದಲ್ಲಿ ಹೆಚ್ಚು ದಿನ ಬಿಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಫ್ರಿಜ್ ಇರುವವರಿಗೆ ಸುಲಭದ ದಾರಿ ಇದೆ. ಚೆನ್ನಾಗಿ ಒಣಗಿದ ಕಾಳನ್ನು ಗಾಳಿಯಾಡದ ಡಬ್ಬಿಗೆ ತುಂಬಿ ಒಂದು ವಾರ ಫ್ರೀಜರಿನಲ್ಲಿ ಇಡಿ. ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಕಾಳು ಒಣಗಿರಲೇಬೇಕು. ಹಸಿ ಇದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಬೀಜವೇ ಸಾಯುತ್ತದೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ, ತಣ್ಣಗಿನ ಕಾಳಿನ ಮೇಲೆ ಗಾಳಿಯ ತೇವ ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟು ಆಮೇಲೆ ತೆರೆಯಿರಿ.

ಹಳೆಯ ಕ್ರಮಗಳೂ ಕೈಬಿಡುವಂಥವಲ್ಲ. ತೊಗರಿ, ಅವರೆಗೆ ಕೆಮ್ಮಣ್ಣಿನ ರಾಡಿ ಹಚ್ಚಿ ಒಣಗಿಸಿ ಇಡುತ್ತಿದ್ದರು. ಜರಡಿ ಹಿಡಿದ ಒಲೆ ಬೂದಿ ಬೆರೆಸುತ್ತಿದ್ದರು. ರಾಗಿಯ ನಡುವೆ ಕಾಳನ್ನು ಹುದುಗಿಸಿಡುವುದೂ ಇತ್ತು. ಮೂರರ ಹಿಂದೆಯೂ ಒಂದೇ ಜಾಣತನ ಇದೆ. ಕಾಳು ಕಾಳಿನ ಸಂದಿಯಲ್ಲಿ ದುಂಬಿಗೆ ಓಡಾಡಲು, ಮೊಟ್ಟೆ ಅಂಟಿಸಲು ಜಾಗ ಸಿಗದಂತೆ ಮಾಡುವುದು. ಬೂದಿ ಹುಳದ ಮೈಯನ್ನೂ ಒಣಗಿಸುತ್ತದೆ. ಬೇವಿನ ಸೊಪ್ಪು ಹಾಕುವವರು ಅದನ್ನು ಗರಿಗರಿಯಾಗಿ ಒಣಗಿಸಿ ಹಾಕಿ. ಹಸಿ ಸೊಪ್ಪಿನ ತೇವ ಬೀಜಕ್ಕೆ ಹುಳದಷ್ಟೇ ಕೆಡುಕು.

ಎತ್ತಿಡುವುದು

ಹ್ಯಾರಿಂಗ್ಟನ್ ಎಂಬ ಬೀಜ ವಿಜ್ಞಾನಿ ಹೇಳಿದ ಒಂದು ಸರಳ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಬೀಜದ ತೇವಾಂಶ 1 ಶೇಕಡಾ ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟು. ಇಟ್ಟ ಜಾಗದ ಶಾಖ 5 ಡಿಗ್ರಿ ಇಳಿದರೆ ಮತ್ತೆ ಎರಡು ಪಟ್ಟು. ಹಾಗಾಗಿ ಒಣ, ತಂಪು, ಕತ್ತಲೆ ಜಾಗ ಹುಡುಕಿ. ಅಡುಗೆಮನೆ ಮೇಲಿನ ಅಟ್ಟ ಬೇಡ, ಅಲ್ಲಿ ಬಿಸಿಯೂ ಇದೆ, ಹಬೆಯೂ ಇದೆ. ಗಾಜಿನ ಬಾಟಲಿ ಒಳ್ಳೆಯದು. ತಳದಲ್ಲಿ ಬಾಣಲೆಯಲ್ಲಿ ಹುರಿದು ಆರಿಸಿದ ಎರಡು ಚಮಚ ಅಕ್ಕಿಯನ್ನು ಬಟ್ಟೆಯ ಗಂಟು ಕಟ್ಟಿ ಇಟ್ಟರೆ ಉಳಿದ ತೇವ ಹೀರಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಒಣಗಿದ ಸೋರೆಬುರುಡೆಯಲ್ಲಿ ಬೀಜ ತುಂಬಿ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಬುರುಡೆ ಸಿಕ್ಕರೆ ಈಗಲೂ ಮಾಡಬಹುದು.

ಡಬ್ಬಿಯ ಮೇಲೆ ತಳಿಯ ಹೆಸರು, ಯಾವ ಊರಿನಿಂದ ಬಂದದ್ದು, ಕೊಯ್ದ ತಿಂಗಳು ಮತ್ತು ವರ್ಷ ಬರೆಯಿರಿ. ಅದೇ ಚೀಟಿಯ ಇನ್ನೊಂದನ್ನು ಪೆನ್ಸಿಲಿನಲ್ಲಿ ಬರೆದು ಡಬ್ಬಿಯೊಳಗೂ ಹಾಕಿ.

ಬಿತ್ತುವ ಮುಂಚೆ ಮೊಳಕೆ ನೋಡಿ

ಇಪ್ಪತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗದಂತೆ ದಿನಾ ನೀರು ಚಿಮುಕಿಸಿ. ವಾರದೊಳಗೆ ಹದಿನೈದು ಮೊಳೆತರೆ 75 ಶೇಕಡಾ ಆಯಿತು. ಅಲಸಂದೆ, ತೊಗರಿಯ ಪ್ರಮಾಣಿತ ಬೀಜಕ್ಕೆ ಇರುವ ಕನಿಷ್ಠ ಮಟ್ಟವೂ ಅದೇ. ಬೆಂಡೆಗೆ 65 ಶೇಕಡಾ ಸಾಕು. ಕಡಿಮೆ ಬಂದರೆ ಬೀಜ ಎಸೆಯಬೇಕಿಲ್ಲ, ಒತ್ತಾಗಿ ಬಿತ್ತಿ.

ಮೊಳೆಯದೆ ಉಳಿದದ್ದನ್ನು ಕೈಯಲ್ಲಿ ಒತ್ತಿ ನೋಡಿ. ಮೆತ್ತಗೆ ಕೊಳೆತಿದ್ದರೆ ಸತ್ತ ಬೀಜ. ಊದದೆ ಕಲ್ಲಿನ ಹಾಗೆ ಗಟ್ಟಿಯಾಗಿಯೇ ಇದ್ದರೆ ಅದು ಸತ್ತಿಲ್ಲ, ನೀರೇ ಒಳಗೆ ಹೋಗಿಲ್ಲ. ಅವರೆ, ಅಲಸಂದೆ ಜಾತಿಯ ಹಲವು ಕಾಳುಗಳಲ್ಲಿ ಮೊದಲು ನೋಡಿದ ಆ ತೊಟ್ಟಿನ ಗುರುತಿನಲ್ಲಿ ಸಣ್ಣ ಸೀಳು ಇರುತ್ತದೆ. ಗಾಳಿ ಒಣಗಿದ್ದಾಗ ತೆರೆದು ಒಳಗಿನ ತೇವ ಹೊರಗೆ ಬಿಡುತ್ತದೆ. ತೇವ ಹೆಚ್ಚಿದಾಗ ಮುಚ್ಚಿಕೊಳ್ಳುತ್ತದೆ. ಹೀಗೆ ಕಾಳು ಒಣಗುತ್ತಾ ಹೋಗುತ್ತದೆ, ನೀರು ಮಾತ್ರ ಒಳಗೆ ಬರುವುದಿಲ್ಲ. ಎಲ್ಲ ಬೀಜವೂ ಒಂದೇ ಮಳೆಗೆ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದೆ ಅಲ್ವಾ? ಕೆಲವು ಬೀಜ ಮುಂದಿನ ಮಳೆಗೆ ಕಾಯಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು ಇದು.

ಅಂಥ ಗಟ್ಟಿ ಕಾಳನ್ನು ತೊಟ್ಟಿನ ಗುರುತಿನ ಎದುರು ಬದಿಯಲ್ಲಿ ಮರಳು ಕಾಗದಕ್ಕೆ ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿದರೆ ಬೆಳಗ್ಗೆ ಊದಿಕೊಳ್ಳುತ್ತದೆ. ಗುಲ್‌ಮೊಹರ್ ತರಹದ ಮರದ ಬೀಜಕ್ಕೂ ಇದೇ ಕ್ರಮ. ನುಗ್ಗೆಗೆ ಇದಾವುದೂ ಬೇಡ. ಅದು ತಾಜಾ ಇರುವಾಗಲೇ ಚೆನ್ನಾಗಿ ಮೊಳೆಯುತ್ತದೆ, ವರ್ಷ ಕಳೆದರೆ ಶಕ್ತಿ ಕುಂದುತ್ತದೆ. ಮರದ ಕಾಯಿ ಒಣಗಿದ ವರ್ಷವೇ ಹಾಕಿಬಿಡಿ.

ಡಬ್ಬಿಯಲ್ಲಿರುವ ಬೀಜವನ್ನೆಲ್ಲ ಒಂದೇ ಸಲ ಬಿತ್ತಬೇಡಿ. ಮೂರನೇ ಒಂದು ಭಾಗ ಉಳಿಸಿಕೊಳ್ಳಿ. ಮಳೆ ಕೈಕೊಟ್ಟರೆ, ಹಂದಿ ನುಗ್ಗಿದರೆ, ಮೊಳಕೆಯನ್ನು ನವಿಲು ಕಿತ್ತರೆ ಮತ್ತೆ ಹಾಕಲು ಅದೇ ತಳಿ ಇರುತ್ತದೆ. ಸಾಧ್ಯವಾದರೆ ಒಂದು ಹಿಡಿಯನ್ನು ಬೇರೆ ಊರಿನ ನೆಂಟರಿಗೋ ಸ್ನೇಹಿತರಿಗೋ ಕೊಟ್ಟು, ಅವರಲ್ಲೂ ಬೆಳೆಸಲು ಹೇಳಿ. ನಿಮ್ಮಲ್ಲಿ ಬೀಜ ಕೈತಪ್ಪಿದ ವರ್ಷ ಅವರಿಂದ ಈಸಿಕೊಳ್ಳಬಹುದು.